ಫೋಟೋ ಕೆಳಗಿನ ಕಪ್ಪು ಪಟ್ಟಿ

ಬುಕ್ಕಸಾಗರದ ಬಾಲವಾಡಿ ಟೀಚರ್ ಆ ದಿನ ಚಪ್ಪಲಿ ಬಿಡಲಿಲ್ಲ. ಹೊಸ್ತಿಲಿನ ಆಚೆಯೇ ನಿಂತು, ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಕೇಳಿದರು.

“ಅಕ್ಕಾರ, ನೀವು ತಿಂಗ್ಳಾ ತಿಂಗ್ಳಾ ಫೋಟೋ ಬದ್ಲಿ ಮಾಡ್ತೀರೋ ಇಲ್ಲೋ?”

ಒಳಗೆ ಮಂಡಾಳು ಒಗ್ಗರಣೆಗೆಂದು ಇಟ್ಟ ಎಣ್ಣೆ ಕಾಯುತ್ತಿತ್ತು. ನಾನು ಓಡಿಹೋಗಿ ಒಲೆ ಆರಿಸಿ ಬಂದೆ. “ಯಾಕ್ರಿ ಟೀಚರ್, ಏನಾತು? ಒಳಗ ಬರ್ರಿ, ಕುಂದ್ರಿ.”

“ಕುಂದ್ರಾಕ ಬಂದಿಲ್ರಿ. ಮೊದ್ಲು ಹೇಳ್ರಿ.”

ನಾನು ಹೊಸಪೇಟೆಯ ನಮ್ಮ ಮನೆಯಲ್ಲೇ ಕೂತು ಟೈಪಿಂಗ್ ಕೆಲಸ ಮಾಡುತ್ತೇನೆ. ಮಕ್ಕಳು ಶಾಲೆಗೆ, ಮನೆಯವರು ಫ್ಯಾಕ್ಟರಿಗೆ ಹೋದ ಮೇಲೆ ಸಿಗುವ ಐದು ತಾಸಿನ ಕೆಲಸ. ಈ ಟೀಚರ್ ಪ್ರತಿ ತಿಂಗಳ ಕೊನೆಗೆ ಎರಡು ಹಾಳೆ ಕೈಬರಹದ ವರದಿ ತರುತ್ತಿದ್ದರು, ಫೋನಿನಲ್ಲಿ ನಾಲ್ಕು ಫೋಟೋ ಕಳಿಸುತ್ತಿದ್ದರು. ನಾನು ಅದನ್ನು ವರ್ಡ್ ಫೈಲಿನಲ್ಲಿ ಹಾಕಿ, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕೊಡುತ್ತಿದ್ದೆ. ಅವರು ಸಹಿ ಹಾಕಿ ಕಂಪ್ಲಿಯ ಕಚೇರಿಗೆ ಮುಟ್ಟಿಸುತ್ತಿದ್ದರು. ಬಾಲವಾಡಿ ಒಂದು ಸಂಸ್ಥೆಯದು. ಭತ್ತದ ನಾಟಿಗೆ, ಬಾಳೆ ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಎಂಟಕ್ಕೆ ತಮ್ಮ ಕೂಸುಗಳನ್ನು ತಂದು ಬಿಟ್ಟು, ಸಂಜೆ ಕರೆದೊಯ್ಯುವ ಜಾಗ. ಹದಿನೆಂಟು ಮಕ್ಕಳು, ಒಬ್ಬರೇ ಟೀಚರ್.

“ಬದ್ಲಿ ಮಾಡ್ತೀನ್ರಿ. ನೀವು ಕಳಿಸಿದ್ದನ್ನಾ ಹಾಕ್ತೀನಿ” ಎಂದೆ.

“ಹೋದ ತಿಂಗ್ಳ ಫೈಲ್ ಮ್ಯಾಲೇ ಬರಿತೀರಲ್ರಿ. ನಾ ನೋಡೀನಿ.”

ಅದು ನಿಜ. ಪ್ರತಿ ಸಲ ಹೊಸದಾಗಿ ಕೋಷ್ಟಕ ಎಳೆಯುವ ತ್ರಾಸು ಯಾಕೆಂದು ಹಳೆಯ ಫೈಲನ್ನೇ ತೆರೆದು, ಬೇರೆ ಹೆಸರಿನಲ್ಲಿ ಉಳಿಸಿ, ಮಾತು ಬದಲಿಸಿ, ಫೋಟೋ ಬದಲಿಸುತ್ತಿದ್ದೆ. ಆದರೆ ಅವರ ಬಾಯಲ್ಲಿ ಆ ಮಾತು ಬಂದ ರೀತಿಗೆ ನನ್ನ ಕಿವಿ ಬಿಸಿಯಾಯಿತು.

ನಿಂತುಕೊಂಡೇ ವಿಷಯ ಹೇಳಿದರು. ಕಂಪ್ಲಿಯ ಕಚೇರಿಗೆ ಹೊಸ ಸಂಯೋಜಕಿ ಬಂದಿದ್ದಾರೆ. ಬಂದವರೇ ಹಳೆಯ ವರದಿಗಳ ಕಟ್ಟು ಬಿಚ್ಚಿದ್ದಾರೆ. ಜೂನ್‌ನಿಂದ ನವೆಂಬರ್‌ವರೆಗಿನ ಆರೂ ವರದಿಯಲ್ಲಿರುವುದು ಒಂದೇ ದಿನ ತೆಗೆದ ಫೋಟೋಗಳು, ಬಾಲವಾಡಿ ನಡೆದೇ ಇಲ್ಲ ಎಂದಿದ್ದಾರೆ.

“ಬಂದು ನೋಡ್ರಿ ಮೇಡಂ ಅಂದೆ. ‘ಇವತ್ತು ನಡೀತೈತಿ, ಅದು ನನಗೂ ಗೊತ್ತೈತಿ. ಹಿಂದಿಂದು ಹೇಳು’ ಅಂದ್ರು. ಹಾಜರಿ ಪುಸ್ತಕ ತೋರಿಸಿದೆ. ‘ಇದನ್ನ ಕುಂತಲ್ಲೇ ಬರೀಬೌದು’ ಅಂದ್ರು. ಸೋಮವಾರದೊಳಗ ಮೂಲ ಫೋಟೋ ತರ್ಬೇಕಂತ. ಇಲ್ಲಾಂದ್ರ ಬೀಗ ಹಾಕಿ, ಬ್ಯಾರೆ ಊರಿಗೆ ಕೊಡ್ತಾರಂತ.”

ಅವರ ಫೋನಿನಲ್ಲಿ ಫೋಟೋಗಳಿರಲಿಲ್ಲ. ಜಾಗ ಸಾಲದ ಹಳೇ ಫೋನು, ನನಗೆ ಕಳಿಸಿದ ಮೇಲೆ ಅಳಿಸಿಬಿಡುತ್ತಿದ್ದರಂತೆ. ನನ್ನದೂ ಅದೇ ಹಾಡು. ನೆಂಟರಿಷ್ಟರು ಕಳಿಸುವ ಶುಭೋದಯದ ಹೂಗಳಿಂದ ಫೋನು ತುಂಬಿ, ತಿಂಗಳಿಗೊಮ್ಮೆ ಎಲ್ಲವನ್ನೂ ಗುಡಿಸಿ ಹಾಕುವುದು ನನ್ನ ಪದ್ಧತಿ. ಉಳಿದದ್ದು ನನ್ನ ಕಂಪ್ಯೂಟರಿನ ಆರು ವರ್ಡ್ ಫೈಲುಗಳು ಮಾತ್ರ.

“ಅದರಾಗಿಂದ ತೆಗೆದುಕೊಡ್ತೀನ್ರಿ. ಎರಡು ದಿನ ಬಿಟ್ಟು ಬರ್ರಿ” ಎಂದೆ.

ಚಹ ಬೇಡವೆಂದು ಹೊರಟರು. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದರು. ಅಂಗಡಿಯ ತಕ್ಕಡಿ ನೋಡುವ ಹಾಗೆ.

ನಿಜ ಹೇಳುವುದಾದರೆ, ಆ ಹೊತ್ತಿಗೆ ನನಗೂ ಅವರ ಮೇಲೆ ಅನುಮಾನವೇ. ಫೈಲುಗಳನ್ನು ಒಂದರ ಪಕ್ಕ ಒಂದು ತೆರೆದಿಟ್ಟು ನೋಡಿದೆ. ಅದೇ ನೀಲಿ ಗೋಡೆ, ಅದೇ ಪ್ಲಾಸ್ಟಿಕ್ ಚಾಪೆ, ಸಂಸ್ಥೆ ಕೊಟ್ಟ ಒಂದೇ ಬಣ್ಣದ ಅಂಗಿ ತೊಟ್ಟ ಮಕ್ಕಳು. ನಾಲ್ಕೂ ಫೋಟೋ ಯಾವಾಗಲೂ ತಿಂಗಳ ಕೊನೆಯ ದಿನ ಒಟ್ಟಿಗೇ ಬರುತ್ತಿದ್ದವು. ಆಗೆಲ್ಲ ಏನೂ ಅನ್ನಿಸದ ಸಂಗತಿಗಳು ಈಗ ಒಂದೊಂದಾಗಿ ಎದ್ದು ಕೂತವು. ಕೊನೆಗೆ ಒಂದು ಕಾಲ್ಬೆರಳು ಕಣ್ಣಿಗೆ ಬಿತ್ತು. ಜುಲೈ ವರದಿಯಲ್ಲಿ ಎರಡು ಜಡೆಯ ಒಂದು ಹುಡುಗಿಯ ಎಡಗಾಲ ಹೆಬ್ಬೆರಳಿಗೆ ಹಳದಿ ಬಟ್ಟೆಯ ತುಂಡು ಕಟ್ಟಿತ್ತು. ಆಗಸ್ಟ್ ವರದಿಯಲ್ಲೂ ಅದೇ ಬೆರಳು, ಅದೇ ಬಟ್ಟೆ, ಅದೇ ಗಂಟು. ಫೋಟೋ ಬೇರೆಯೇ. ಆದರೆ ಯಾವ ಗಾಯ ತಿಂಗಳುಗಟ್ಟಲೆ ಅದೇ ಗಂಟಿನಲ್ಲಿರುತ್ತದೆ?

ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿನಗ್ಯಾಕ ಬೇಕು ಅದರ ಉಸಾಬರಿ? ಕೊಟ್ಟಿದ್ದು ಟೈಪ್ ಮಾಡಿದಿ, ಮುಗೀತು. ಫೋಟೋ ಸುಳ್ಳೋ ಖರೇನೋ ನಿನಗೇನು ಗೊತ್ತು ಅಂತ ಹೇಳಿ ಕೈತೊಳ್ಕೋ.”

ಕೈ ತೊಳೆದುಕೊಳ್ಳುವುದು ಸುಲಭವೆಂದು ನನಗೂ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತೆ. ಮೊದಲು ಎಲ್ಲರೂ ಮಾಡುವಂತೆಯೇ ಮಾಡಿದೆ. ಫೋಟೋ ಮೇಲೆ ಮೌಸಿನ ಬಲಗುಂಡಿ ಒತ್ತಿ, ಚಿತ್ರವಾಗಿ ಉಳಿಸು ಎಂದೆ. ಪುಟದಲ್ಲಿ ಕಾಣುವಷ್ಟೇ, ಅಂಚೆ ಚೀಟಿಯಂಥ ಪುಟ್ಟ ಚಿತ್ರ ಬಂತು. ಇದನ್ನು ‘ಮೂಲ’ ಎಂದು ಯಾರ ಮುಂದೆ ಇಡುವುದು?

ಇನ್ನೊಂದು ದಾರಿ ನನಗೆ ಗೊತ್ತಿತ್ತು. ಹಿಂದೊಮ್ಮೆ ಹಂಪಿಯ ಗೆಸ್ಟ್ ಹೌಸಿನವರ ಊಟದ ಪಟ್ಟಿ ಮಾಡುವಾಗ ಕಲಿತದ್ದು. ವರ್ಡ್ ಫೈಲು ಹೊರಗಿನಿಂದ ಒಂದು ಕಾಗದದಂತೆ ಕಂಡರೂ ಒಳಗೆ ಅದೊಂದು ಗಂಟು ಕಟ್ಟಿದ ಮೂಟೆ. ಹೆಸರಿನ ಕೊನೆಯಲ್ಲಿರುವ ಡಾಕ್ಸ್ ಎಂಬ ಬಾಲ ತೆಗೆದು ಜಿಪ್ ಎಂದು ಬರೆದರೆ ಮೂಟೆ ಬಿಚ್ಚಿಕೊಳ್ಳುತ್ತದೆ. ಒಳಗೆ ‘ವರ್ಡ್’ ಎಂಬ ಫೋಲ್ಡರು, ಅದರೊಳಗೆ ‘ಮೀಡಿಯಾ’ ಎಂಬ ಇನ್ನೊಂದು. ಫೈಲಿಗೆ ಹಾಕಿದ ಚಿತ್ರಗಳೆಲ್ಲ ಅಲ್ಲಿ ಸಾಲಾಗಿ ಮಲಗಿರುತ್ತವೆ. ಮಾಡುವ ಮೊದಲು ಆರೂ ಫೈಲುಗಳ ಪ್ರತಿ ತೆಗೆದು ಬೇರೆ ಕಡೆ ಇಟ್ಟೆ. ಅಸಲನ್ನು ಮುಟ್ಟಬಾರದು. ಕಂಪ್ಯೂಟರಿನಲ್ಲಿ ಹೆಸರಿನ ಬಾಲ ಸಾಮಾನ್ಯವಾಗಿ ಕಾಣುವುದಿಲ್ಲ, ಅದನ್ನು ಕಾಣುವಂತೆ ಮಾಡಿಕೊಂಡೆ. ಬಾಲ ಬದಲಿಸಿದಾಗ, ಫೈಲು ಕೆಟ್ಟುಹೋಗಬಹುದು, ಖಂಡಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ.

ನವೆಂಬರಿನದು ತೆರೆದುಕೊಂಡಿತು. ಮೀಡಿಯಾ ಫೋಲ್ಡರಿನಲ್ಲಿ ಐದು ಚಿತ್ರ: ಸಂಸ್ಥೆಯ ಗುರುತಿನದೊಂದು, ಫೋಟೋ ನಾಲ್ಕು. ಒಂದನ್ನು ದೊಡ್ಡದು ಮಾಡಿದೆ.

ಮಕ್ಕಳ ಪಾದಗಳ ಕೆಳಗೆ ಒಂದು ಕಪ್ಪು ಪಟ್ಟಿ. ಅದರ ಮೇಲೆ ಬಿಳಿ ಅಕ್ಷರ. ಬುಕ್ಕಸಾಗರ, ಕರ್ನಾಟಕ. ನವೆಂಬರಿನ ಒಂದು ತಾರೀಖು. ಬೆಳಿಗ್ಗೆ ಹತ್ತೂ ಇಪ್ಪತ್ತು. ಪಕ್ಕದಲ್ಲಿ ಒಂದು ಪುಟ್ಟ ನಕಾಶೆ.

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತುಬಿಟ್ಟೆ. ಆ ಪಟ್ಟಿ ನನಗೆ ಹೊಸದಲ್ಲ. ಅದನ್ನು ಕತ್ತರಿಸಿದ್ದು ನಾನೇ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ಉತ್ತರ ತಪ್ಪಿದರೆ ಕ್ಷಮಿಸುತ್ತಿದ್ದರು, ಅಂಚು ಸೊಟ್ಟಗಾದರೆ ಕ್ಷಮಿಸುತ್ತಿರಲಿಲ್ಲ. ಜೂನಿನಲ್ಲಿ ಮೊದಲ ಸಲ ಈ ಫೋಟೋಗಳು ಬಂದಾಗ, ಪ್ರತಿಯೊಂದರ ಕೆಳಗೂ ಆ ಕಪ್ಪು ಪಟ್ಟಿ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನ ಹಾಗೆ ಕಂಡಿತ್ತು. ನಗುವ ಮಕ್ಕಳ ಕೆಳಗೆ ಅಂಥದ್ದು ಯಾಕೆ? ನಾಲ್ಕೂ ಫೋಟೋ ಒಂದೇ ಅಳತೆಗೂ ಬರುತ್ತಿರಲಿಲ್ಲ. ವರ್ಡ್‌ನಲ್ಲೇ ಕತ್ತರಿಸುವ ಗುಂಡಿ ಒತ್ತಿ, ಕೆಳಗಿನ ಅಂಚನ್ನು ಮೇಲಕ್ಕೆ ತಳ್ಳಿದೆ. ಪುಟ ಹಾಲಿನಂತೆ ಶುಭ್ರವಾಯಿತು. ಆಮೇಲೆ ಪ್ರತಿ ತಿಂಗಳೂ ತರಕಾರಿಯ ತೊಟ್ಟು ಮುರಿಯುವ ಹಾಗೆ, ಏನು ಬರೆದಿದೆಯೆಂದು ಓದದೆ ಮುರಿಯುತ್ತಾ ಬಂದೆ.

ವರ್ಡ್ ಕತ್ತರಿಸಿದ್ದನ್ನು ಬಿಸಾಡುವುದಿಲ್ಲ, ಮರೆಗೆ ಮಡಚಿಡುತ್ತದೆ. ಆದ್ದರಿಂದಲೇ ಪಟ್ಟಿಗಳು ಉಳಿದಿದ್ದವು. ಟೀಚರ್ ಮೇಲೆ ಬಂದ ಅಪವಾದಕ್ಕೆ ನನ್ನ ಅಚ್ಚುಕಟ್ಟುತನವೇ ಕಾರಣ ಎಂಬುದೂ ಅದರ ಜೊತೆಗೇ ಉಳಿದಿತ್ತು.

ಮೊದಲು ಬಂದ ಯೋಚನೆ ಒಳ್ಳೆಯದಲ್ಲ. ಚಿತ್ರಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ, ಪಟ್ಟಿ ಯಾರು ಕತ್ತರಿಸಿದ್ದೆಂದು ಯಾರೂ ಕೇಳಲಿಕ್ಕಿಲ್ಲ ಎಂದುಕೊಂಡೆ. ಆ ಯೋಚನೆಯನ್ನು ಪೂರ್ತಿ ಮಾಡದೆ ಮುಂದಿನ ಫೈಲು ಬಿಚ್ಚಿದೆ.

ಸೆಪ್ಟೆಂಬರ್, ಜುಲೈ ಸಲೀಸಾಗಿ ಬಂದವು. ವರ್ಡ್ ಉಳಿಸುವಾಗ ಚಿತ್ರಗಳನ್ನು ಕೊಂಚ ಕುಗ್ಗಿಸಿದ್ದರಿಂದ ಅಕ್ಷರಗಳು ಮಸುಕಾಗಿದ್ದವು. ಮೂರು ಎಂಟಿನಂತೆ, ಎಂಟು ಮೂರಿನಂತೆ. ದೊಡ್ಡದು ಮಾಡಿ, ದೂರದಿಂದ ಕಣ್ಣು ಕಿರಿದುಮಾಡಿ ನೋಡಿದರೆ ಓದಲು ಬರುತ್ತಿತ್ತು. ಚಿತ್ರಗಳ ಸಂಖ್ಯೆಗೂ ಪುಟದಲ್ಲಿ ಅವು ಕೂತ ಕ್ರಮಕ್ಕೂ ತಾಳೆಯಿರಲಿಲ್ಲ. ಒಂದೊಂದನ್ನೂ ಪುಟದ ಪಕ್ಕ ಹಿಡಿದು, ಯಾವುದು ಯಾವುದೆಂದು ಹಾಳೆಯಲ್ಲಿ ಗುರುತು ಮಾಡಿಕೊಂಡೆ.

ಜೂನಿನದು ಬಿಚ್ಚಲೊಲ್ಲದು. ಬಾಲ ಬದಲಿಸಿದರೆ, ಇದು ಮೂಟೆಯೇ ಅಲ್ಲ ಎಂದಿತು ಯಂತ್ರ. ಅರ್ಧ ತಾಸು ಪೇಚಾಡಿದ ಮೇಲೆ ಬಾಲದಲ್ಲಿ ಒಂದು ಅಕ್ಷರ ಕಡಿಮೆ ಇರುವುದು ಕಂಡಿತು. ಜುಲೈಯಲ್ಲಿ ಹೊಸ ರೀತಿಗೆ ಬದಲಿಸುವ ಮೊದಲು, ಜೂನಿನದನ್ನು ಸಂಸ್ಥೆ ಕೊಟ್ಟ ಖಾಲಿ ನಮೂನೆಯಲ್ಲೇ ಉಳಿಸಿದ್ದೆ, ಅದು ಹಳೇ ಕಾಲದ ವರ್ಡ್‌ನದು. ಅದರ ಕಟ್ಟೇ ಬೇರೆ, ಹೀಗೆ ಬಿಚ್ಚುವಂಥದ್ದಲ್ಲ. ಅದನ್ನು ತೆರೆದು ಹೊಸ ರೀತಿಯ ಫೈಲಾಗಿ ಉಳಿಸಿ, ಆಮೇಲೆ ಬಾಲ ಬದಲಿಸಿದೆ. ನಾಲ್ಕೂ ಪಟ್ಟಿ ಬಂದವು.

ಅಕ್ಟೋಬರ್ ಬಿಚ್ಚಿತು, ಆದರೆ ಒಳಗೆ ಪಟ್ಟಿ ಇರಲಿಲ್ಲ. ನಾಲ್ಕೂ ಚಿತ್ರ ಮಕ್ಕಳ ಪಾದಕ್ಕೇ ನಿಂತಿದ್ದವು. ನೆನಪಾಯಿತು. ಆ ತಿಂಗಳು ಪ್ರಿಂಟ್ ಅಂಗಡಿಯವನು, “ಅಕ್ಕಾ, ನಿಮ್ಮ ಫೈಲ್ ಭಾಳ ಭಾರ ಆಗೇತಿ, ನನ್ನ ಮಷೀನು ಉಸಿರು ಬಿಡವಲ್ದು” ಎಂದಿದ್ದ. ಮನೆಗೆ ಬಂದು ಚಿತ್ರ ಹಗುರ ಮಾಡುವ ಗುಂಡಿ ಒತ್ತಿದ್ದೆ. ಅಲ್ಲಿ, ಕತ್ತರಿಸಿದ ಭಾಗವನ್ನು ಅಳಿಸು ಎಂಬಲ್ಲಿ ಮೊದಲೇ ಸರಿ ಗುರುತು ಬಿದ್ದಿರುತ್ತದೆ. ನಾನು ಅದನ್ನು ನೋಡಿಯೂ ಇರಲಿಲ್ಲ. ಅಂಗಡಿಯವನಿಗೆ ಕಳಿಸಿದ ಮೇಲ್ ಹುಡುಕಿದೆ. ಅಲ್ಲಿಯೂ ಹಗುರಾದದ್ದೇ ಇತ್ತು. ಅಕ್ಟೋಬರ್ ಹೋಯಿತು. ಅದನ್ನು ಯಾರೂ ತರಲಾರರು.

ಆಗಸ್ಟನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಮೊದಲೆರಡು ಫೋಟೋದ ಪಟ್ಟಿಯಲ್ಲಿ ಆಗಸ್ಟಿನ ಮೊದಲ ವಾರದ ತಾರೀಖು. ಇನ್ನೆರಡರಲ್ಲಿ ಜುಲೈ. ಹಳದಿ ಬಟ್ಟೆಯ ಹುಡುಗಿ ಇದ್ದದ್ದು ಆ ಎರಡರಲ್ಲಿ.

ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು. ತಪ್ಪು ನನ್ನೊಬ್ಬಳದೇ ಅಲ್ಲವಲ್ಲ ಎಂದು. ಮರುಗಳಿಗೆ ಆ ಸಮಾಧಾನದ ಮೇಲೆಯೇ ಅಸಹ್ಯ ಬಂತು.

ನಾನು ಹೇಳಿದ ದಿನ ಟೀಚರ್ ಬಂದರು. ಈ ಸಲ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ನಾನು ಏನೂ ಪೀಠಿಕೆ ಹಾಕದೆ ಪರದೆಯನ್ನು ಅವರ ಕಡೆ ತಿರುಗಿಸಿದೆ. ಒಂದು ಕಡೆ ವರದಿಯ ಪುಟ, ಇನ್ನೊಂದು ಕಡೆ ಪಟ್ಟಿ ಇರುವ ಫೋಟೋ.

“ಟೀಚರ್, ಈ ಪಟ್ಟಿ ಕತ್ತರಿಸಿದ್ದು ನಾನು. ಚಂದ ಕಾಣ್ಲಿ ಅಂತ ಕತ್ತರಿಸಿದೆ. ತಾರೀಖು ಬೇಕಾಗ್ತೈತಿ ಅಂತ ಗೊತ್ತಿರ್ಲಿಲ್ರಿ. ನನ್ನ ತಪ್ಪು. ಅಕ್ಟೋಬರಿನ ಪಟ್ಟಿ ಪೂರಾ ಹೋಗ್ಯಾವು, ಉಳಿದ್ವು ಸಿಕ್ಕಾವು.”

ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಬೈಯುತ್ತಾರೆಂದು ಕಾದೆ. ನಕ್ಕುಬಿಟ್ಟರು.

“ಅಯ್ಯ ಶಿವನೇ! ಪ್ರಿಂಟಿನಾಗ ಪಟ್ಟಿ ಇರಾದಿಲ್ಲ ಅಂತ ನಾನೂ ನೋಡಿದ್ದೆ. ಕಂಪ್ಯೂಟರ್ ಹಂಗಾ ಮಾಡ್ತೈತಿ ಅನ್ಕಂಡಿದ್ನಲ್ರಿ! ಕೇಳಿದ್ರ, ಇಷ್ಟೂ ಗೊತ್ತಿಲ್ಲೇನು ಅಂತೀರೇನೋ ಅಂತ ಸುಮ್ಕಿದ್ದೆ.”

“ಕೇಳಬಾರದೇನ್ರಿ?”

“ಫೋಟೋ, ತಾರೀಖು ಊರು ತಾನಾ ಮೂಡೋ ಫೋನ್ ಕ್ಯಾಮೆರಾದಾಗ ತಗೀಬೇಕು ಅಂತ ರೂಲ್ ಐತ್ರಿ. ಅದನ್ನ ನಿಮಗ ಹೇಳಾದು ನನ್ನ ಕೆಲ್ಸ ಇತ್ತು. ನಾನೂ ಹೇಳ್ಲಿಲ್ಲ.” ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. “ಹಂಗಾರ ಮುಗೀತಲ್ರಿ. ಸೋಮವಾರ ಇದನ್ನಾ ತೋರ್ಸಿದ್ರಾತು.”

ನಾನು ಆಗಸ್ಟನ್ನು ತೆರೆದೆ. ಅವರ ನಗು ಎಲ್ಲಿ ನಿಂತಿತೆಂದು ನನಗೆ ಸರಿಯಾಗಿ ಕಂಡಿತು. ಕಣ್ಣು ಪಟ್ಟಿಯ ಮೇಲೆ ಹೋದಾಗಲ್ಲ, ಆ ಹುಡುಗಿಯ ಕಾಲಿನ ಮೇಲೆ ಹೋದಾಗ.

“ಇವೆರಡು ಜುಲೈದ್ದು ಅಲ್ಲೇನ್ರಿ?”

ಸೆರಗಿನ ದಾರ ಎಳೆಯುತ್ತಾ ಹೇಳತೊಡಗಿದರು. ಬಾಲವಾಡಿ ನಡೆಯುವ ಕೋಣೆ ಊರಿನವರೊಬ್ಬರ ಮನೆಯದು. ಆಗಸ್ಟಿನ ನಡುವೆ ಆ ಮನೆಯ ಹಿರಿಯರು ತೀರಿಕೊಂಡು, ಎರಡು ವಾರ ಕೋಣೆ ಸಿಗಲಿಲ್ಲ. ನಾಟಿ ಜೋರಾಗಿ ನಡೆದ ಕಾಲ. ತಾಯಂದಿರು ಎಂದಿನಂತೆ ಎಂಟಕ್ಕೆ ಕೂಸುಗಳನ್ನು ಸೊಂಟಕ್ಕೆ ಹಾಕಿಕೊಂಡು ಬಂದು ನಿಂತರು.

“ಮನಿಗೆ ಹೋಗ್ರಿ ಅನ್ನಾಕಾಗ್ತಿತ್ತೇನ್ರಿ? ಬಾಳಿ ತ್ವಾಟದ ಪಂಪ್‌ಸೆಟ್ ಶೆಡ್ಡಿನಾಗ ಕೂಡ್ರಿಸ್ಕಂಡೆ. ಪಕ್ಕದಾಗಾ ಕಾಲುವಿ. ನೀರಿನ ಹತ್ರ ಮಕ್ಕಳನ್ನ ಒಯ್ಯಬಾರ್ದು ಅಂತ ಸಂಸ್ಥೆದವ್ರ ಮೊದ್ಲನೇ ರೂಲು. ಅಲ್ಲಿ ಫೋಟೋ ಹೊಡದ್ರ ಕಾಲುವಿ ಕಾಣ್ತಿತ್ತು. ಅದಕ್ಕ ಜುಲೈದಾಗ ಕಳಿಸದಾ ಉಳಿದಿದ್ದ ಹಳೇವೆರಡು ಕಳಿಸಿದೆ.”

“ಕಾಲುವೆ ಹತ್ರ ಹದಿನೆಂಟು ಮಕ್ಕಳು, ನೀವೊಬ್ರಾ?”

“ಬಾಗ್ಲಿಗೆ ಅಡ್ಡ ನಾನಾ ಕುಂತಿರ್ತಿದ್ದೆ. ಉಚ್ಚಿಗೂ ಎದ್ದು ಹೋಗ್ತಿರ್ಲಿಲ್ರಿ.”

ನಂಬಬೇಕೆಂದು ಮನಸ್ಸಿಗಿತ್ತು. ನಂಬಲು ಕೈಯಲ್ಲಿ ಏನೂ ಇರಲಿಲ್ಲ. ಎರಡು ವಾರ ಬಾಲವಾಡಿಯೇ ನಡೆಯದೆ, ಈ ಶೆಡ್ಡು ಈಗ ಹುಟ್ಟಿದ್ದೂ ಇರಬಹುದಲ್ಲ?

ಟೀಚರ್ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ದನಿ ಇಳಿಸಿದರು. “ಅಕ್ಕಾರ, ಇವೆರಡರ ಪಟ್ಟಿ ಅಷ್ಟು ಕತ್ತರಿಸಿಬಿಡ್ರಿ. ಅಕ್ಟೋಬರಿಂದು ಹೆಂಗೂ ಇಲ್ಲಲ್ಲ, ಅದರ ಜೋಡಿ ಇವೂ ಹೋದುವು ಅಂದ್ರಾತು.”

“ಬ್ಯಾಡ್ರಿ ಟೀಚರ್.”

“ಯಾಕ ಬ್ಯಾಡ? ಕೇಳದಾ ಇಪ್ಪತ್ನಾಕು ಕತ್ತರಿಸೀರಿ. ಕೇಳಿದ್ರ ಎರಡು ಕತ್ತರಿಸಾಕ ಏನು ತ್ರಾಸು?”

ಕತ್ತರಿಸುವುದು ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ದಿನ ನನ್ನ ಕತ್ತರಿಗೆ ಏನು ಕತ್ತರಿಸುತ್ತಿದ್ದೇನೆಂಬ ಅರಿವಿರಲಿಲ್ಲ. ಇನ್ನು ಕತ್ತರಿಸಿದರೆ ಅರಿವಿದ್ದೇ ಕತ್ತರಿಸಿದಂತೆ. ಅಷ್ಟೇ ವ್ಯತ್ಯಾಸ, ಆದರೆ ಆ ವ್ಯತ್ಯಾಸವನ್ನು ದಾಟಲು ನನ್ನಿಂದಾಗಲಿಲ್ಲ.

“ಇದ್ದದ್ದು ಇದ್ದಂಗ ಕೊಡ್ತೀನ್ರಿ. ಪಟ್ಟಿ ಕತ್ತರಿಸಿದ್ದು ನಾನು ಅಂತ ಕಾಗದದ ಮ್ಯಾಲೆ ಬರೆದು ಸಹಿ ಮಾಡ್ತೀನಿ. ಇದನ್ನು ಮಾತ್ರ ಮಾಡಂಗಿಲ್ಲ.”

ಅವರು ಎದ್ದರು. “ಕಾಗದ ಯಾಕ? ನೀವಾ ಬರ್ರಿ ಕಂಪ್ಲಿಗೆ. ನಿಮ್ಮ ಬಾಯಿಂದಾ ಹೇಳ್ರಿ. ಕೆಲ್ಸ ಹೋಗಾದು ನಂದು ತಾನೆ.”

ಸೋಮವಾರ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದೆ. ಬುಕ್ಕಸಾಗರದಲ್ಲಿ ಟೀಚರ್ ಹತ್ತಿ, ನನ್ನ ಪಕ್ಕ ಜಾಗವಿದ್ದರೂ ಎರಡು ಸೀಟು ಹಿಂದೆ ಕೂತರು. ದಾರಿಯುದ್ದಕ್ಕೂ ನನಗೊಂದೇ ಯೋಚನೆ. ಆಗಸ್ಟಿನದು ಎದುರಿಗೆ ಬಂದಾಗ, ‘ಅಕ್ಕಾರು ತಪ್ಪಿ ಹಳೇದು ಹಾಕ್ಯಾರ್ರಿ’ ಎಂದು ಅವರು ಹೇಳಿಬಿಟ್ಟರೆ? ಅಂದರೆ ಯಾರಾದರೂ ನಂಬುತ್ತಾರೆ. ಹಳೇ ಫೈಲಿನ ಮೇಲೆ ಬರೆಯುವವಳು ನಾನು, ಕತ್ತರಿ ಹಾಕಿದವಳೂ ನಾನು.

ಸಂಯೋಜಕಿಯ ವಯಸ್ಸು ನನ್ನಷ್ಟೇ ಇರಬಹುದು. ಮೇಜಿನ ಮೇಲೆ ಫೈಲುಗಳನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದರು. ಬೇರೆ ದಿನವಾಗಿದ್ದರೆ ಆ ಮೇಜು ಕಂಡು ನನಗೆ ಸಂತೋಷವಾಗುತ್ತಿತ್ತು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡು, ಇನ್ನೊಂದು ಫೈಲು ತೆಗೆದು ನಮ್ಮ ಮುಂದೆ ಬಿಚ್ಚಿದರು.

“ಇದು ಸಂಡೂರು ಕಡೆ ಬಾಲವಾಡಿದು. ಪ್ರತಿ ಫೋಟೋದ ಕೆಳಗ ತಾರೀಖು, ಊರು, ಟೈಮು. ಇವರಿಗೆ ಚಂದ ಬೇಕಿರ್ಲಿಲ್ಲೇನು?”

“ಬೇಕಿರಬಹುದು ಮೇಡಂ. ಅವರು ಕೇಳಿ ಮಾಡ್ಯಾರ. ನಾನು ಕೇಳ್ಲಿಲ್ಲ.”

ಪೆನ್‌ಡ್ರೈವಿನಲ್ಲಿದ್ದ ಚಿತ್ರಗಳನ್ನು ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ನೋಡಿದರು. ಮುಖ ಸಡಿಲಾಗಲಿಲ್ಲ.

“ಪಟ್ಟಿ ಕತ್ತರಿಸಾಕ ಬಂದವರಿಗೆ ಪಟ್ಟಿ ಅಂಟಿಸಾಕ ಬರಂಗಿಲ್ಲೇನ್ರಿ? ಇದನ್ನ ನೀವು ನಿನ್ನೆ ಮನ್ಯಾಗ ಕುಂತು ಬರೆದಿಲ್ಲ ಅಂತ ನಾ ಹೆಂಗ ನಂಬ್ಲಿ?”

ಇದನ್ನು ನಾನು ಯೋಚಿಸಿರಲಿಲ್ಲ. ಟೀಚರ್ ನನ್ನ ಕಡೆ ನೋಡಿದರು. ನಿಮ್ಮ ಕಾನ್ವೆಂಟ್ ಬುದ್ಧಿಗೆ ಈಗೇನು ಹೇಳ್ತೀರಿ ಎಂಬಂತೆ.

“ಮೇಡಂ, ನಾನು ತೆಗೆದ ಚಿತ್ರ ಬಿಟ್ಟುಬಿಡ್ರಿ. ಆರೂ ವರ್ಡ್ ಫೈಲು ಅದರಾಗ ಹಂಗಾ ಅದಾವು. ನಿಮ್ಮ ಮಷೀನಿನಾಗ ನೀವಾ ಬಿಚ್ರಿ. ನಾ ಮುಟ್ಟಂಗಿಲ್ಲ, ಬಾಯಿಲೆ ಹೇಳ್ತೀನಿ.”

ಕುರ್ಚಿಯನ್ನು ಮೇಜಿನಿಂದ ಹಿಂದೆ ಎಳೆದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. ಫೈಲಿನ ಬಾಲ ಕಾಣುವಂತೆ ಮಾಡಿ. ಒಂದು ಪ್ರತಿ ತೆಗೆಯಿರಿ. ಬಾಲ ಬದಲಿಸಿ. ಕೆಟ್ಟುಹೋಗಬಹುದು ಅನ್ನುತ್ತದೆ, ಹೌದು ಅನ್ನಿ. ಬಿಚ್ಚಿ. ವರ್ಡ್, ಅದರೊಳಗೆ ಮೀಡಿಯಾ. ಸೆಪ್ಟೆಂಬರಿನದು ಬಿಚ್ಚಿಕೊಂಡಿತು. ವರದಿಯ ಪುಟದಲ್ಲಿ ಪಾದಕ್ಕೆ ನಿಂತ ಫೋಟೋ, ಮೂಟೆಯೊಳಗೆ ಪಟ್ಟಿಯ ಸಮೇತ ಇತ್ತು. ಫೈಲನ್ನು ಕೊನೆಯ ಸಲ ಉಳಿಸಿದ ದಿನವನ್ನೂ ಅವರು ತೆಗೆದು ನೋಡಿದರು. ಸೆಪ್ಟೆಂಬರಿನ ಕೊನೆಯ ದಿನ.

“ಇದನ್ನೂ ಬದ್ಲಿ ಮಾಡಬಹುದು” ಎಂದರು. ಆದರೆ ಈ ಸಲ ಹೇಳಿದ್ದು ತಮಗೆ ತಾವೇ. ಬದಲಿಸಬಹುದು ಎಂಬುದು ನಿಜವಾಗಿತ್ತು.

ನನ್ನನ್ನು ಕೇಳದೆ ಅವರೇ ಆಗಸ್ಟಿನದನ್ನು ಬಿಚ್ಚಿದರು. ಮೂರನೆಯ ಚಿತ್ರಕ್ಕೆ ಬಂದು ನಿಂತರು. ಪಟ್ಟಿಗೆ ಕಣ್ಣು ಹತ್ತಿರ ಒಯ್ದರು.

“ಇದೇನು? ಜುಲೈ ಐತಲ್ಲ?”

ನಾನು ಟೀಚರ್ ಮುಖ ನೋಡಲಿಲ್ಲ. ನೋಡಿದರೆ ಬೇಡಿಕೊಂಡಂತೆ ಆದೀತೆಂದು ಅಂಜಿದೆ.

“ಅದು ಅಕ್ಕಾರ ತಪ್ಪಲ್ರಿ ಮೇಡಂ” ಎಂದು ಟೀಚರ್ ಎದ್ದು ನಿಂತರು. “ಹಳೇ ಫೋಟೋ ನಾನಾ ಕಳಿಸಿದ್ದೆ.”

ಕೋಣೆ, ಸಾವು, ಶೆಡ್ಡು, ಕಾಲುವೆ, ಎಲ್ಲವನ್ನೂ ಹೇಳಿದರು. ಸಂಯೋಜಕಿ ಮಧ್ಯೆ ಒಂದೇ ಸಲ ಬಾಯಿ ಹಾಕಿದರು. “ಕಾಲುವಿಗೂ ಶೆಡ್ಡಿಗೂ ಎಷ್ಟು ದೂರ?”

“ಹತ್ತು ಹೆಜ್ಜಿರಿ.”

“ಒಂದು ಕೂಸು ಜಾರಿದ್ರ?”

ಟೀಚರ್ ತಲೆ ತಗ್ಗಿಸಿದರು. ಆಮೇಲೆ ಹೇಳಿದರು, “ಶೆಡ್ಡಿನ ಮಾಲೀಕರ ನಂಬರ್ ಐತ್ರಿ. ಹದಿನೆಂಟು ತಾಯಂದ್ರು ಅದಾರ. ಯಾರನ್ನ ಬೇಕಾದ್ರೂ ಕೇಳ್ರಿ.”

ಸಂಯೋಜಕಿ ಒಬ್ಬರಿಗಲ್ಲ, ಮೂವರಿಗೆ ಫೋನ್ ಮಾಡಿದರು. ಹೆಸರುಗಳನ್ನು ಹಾಜರಿ ಪುಸ್ತಕದಿಂದ ತಾವೇ ಆರಿಸಿಕೊಂಡು, ಹೊರಗಿನ ಪಡಸಾಲೆಗೆ ಹೋಗಿ ಮಾತಾಡಿದರು. ಮರಳಿ ಬಂದು, ಮೂವರೂ ಶೆಡ್ಡಿನ ಮಾತನ್ನೇ ಹೇಳಿದರೆಂದು ತಿಳಿಸಿ ಲ್ಯಾಪ್‌ಟಾಪ್ ಮುಚ್ಚಿದರು.

“ಸುಳ್ಳು ಪಟ್ಟಿ ಅಂಟಿಸೋರು ಆಗಸ್ಟಿಗೆ ಆಗಸ್ಟಾ ಅಂಟಿಸ್ತಿದ್ರು. ಜುಲೈ ಯಾಕ ಬಿಡ್ತಿದ್ರು?” ಎಂದು ಅವರು ಹೇಳಿದ್ದು ನಮ್ಮಿಬ್ಬರಿಗೂ ಅಲ್ಲ, ಗೋಡೆಗೆ. ಟೀಚರ್ ಬೇಡಿ ಬೇಡಿ ಕತ್ತರಿಸಲು ಹೇಳಿದ್ದ ಆ ಎರಡು ಪಟ್ಟಿಗಳೇ ಉಳಿದವಕ್ಕೆಲ್ಲ ಸಾಕ್ಷಿ ನಿಂತಿದ್ದವು. ನಾನು ಕತ್ತರಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ಬೀಗ ಹಾಕುವುದಿಲ್ಲ ಎಂದರು. ಕಾಲುವೆಯ ಪಕ್ಕ ಮಕ್ಕಳನ್ನು ಒಯ್ದದ್ದಕ್ಕೆ, ಹಳೇ ಫೋಟೋ ಕಳಿಸಿದ್ದಕ್ಕೆ ಟೀಚರ್ ಲಿಖಿತ ವಿವರಣೆ ಕೊಡಬೇಕು. ತಾವು ಹೇಳದೆ ಬಂದು ನೋಡುತ್ತಾರೆ, ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ. ಅಕ್ಟೋಬರ್ ವರದಿಯ ಮೇಲೆ ಕೆಂಪು ಶಾಯಿಯಲ್ಲಿ, ತಾರೀಖಿಲ್ಲ, ಎಂದು ಬರೆದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ, “ಮುಂದಿನ ತಿಂಗಳಿಂದ ವರದಿ ಇಲ್ಲೇ ಟೈಪ್ ಮಾಡಿಸ್ತೀವ್ರಿ” ಎಂದರು. ಸರಿ ಎಂದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮರಳಿ ಬರುವ ಬಸ್ಸಿನಲ್ಲಿ ಟೀಚರ್ ನನ್ನ ಪಕ್ಕದಲ್ಲೇ ಕೂತರು. ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

“ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದು ಮಾತು. ಆ ಆರು ಫೈಲು ನನಗೂ ಬೇಕು.”

“ಯಾಕ್ರಿ? ಮೇಡಂ ಕಾಪಿ ಮಾಡಿ ಇಟ್ಕೊಂಡ್ರಲ್ಲ.”

“ಅವರ ಹತ್ರ ಇರ್ಲಿ, ನಿಮ್ಮ ಹತ್ರಾನೂ ಇರ್ಲಿ. ನನ್ನ ಹತ್ರ ಏನೂ ಇಲ್ಲಾಂತಲೇ ಇಷ್ಟೆಲ್ಲ ಆಗಿದ್ದು. ನಿಮ್ಮ ಮ್ಯಾಲೆ ನಂಬಿಕಿ ಐತ್ರಿ. ಆದ್ರೂ ಇರ್ಲಿ.”

ಆ ‘ಆದ್ರೂ’ ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ, ಗಂಟನ್ನು ಎರಡು ಸಲ ಜಗ್ಗಿ ನೋಡಿಕೊಂಡರು.

ಬುಕ್ಕಸಾಗರ ಸ್ಟಾಪಿನಲ್ಲಿ ನಾಲ್ಕೈದು ಹೆಂಗಸರು ನಿಂತಿದ್ದರು. ಕೆಲಸದಿಂದ ನೇರವಾಗಿ ಬಂದವರು, ಕಾಲಿಗೆ ಇನ್ನೂ ಕೆಸರಿತ್ತು. ಇಬ್ಬರ ಸೊಂಟದಲ್ಲಿ ಕೂಸು. ಟೀಚರ್ ಬಸ್ಸಿನ ಮೆಟ್ಟಿಲು ಇಳಿಯುವ ಮೊದಲೇ ಒಬ್ಬಾಕೆ ಕೂಗಿ ಕೇಳಿದಳು.

“ಏನಾತ್ರಿ ಟೀಚರ್? ನಾಳಿ ಬಾಗ್ಲಾ ತಗಿತೀರೋ, ನಾವು ಕೆಲ್ಸ ಬಿಡ್ಬೇಕೋ?”

“ತಗಿತೀನವ್ವ. ಎಂಟಕ್ಕ ಕರ್ಕಂಡು ಬರ್ರಿ. ತಡ ಮಾಡಬ್ಯಾಡ್ರಿ, ಆ ಮೇಡಂ ಹೇಳದಾ ಬರ್ತಾರಂತ” ಎಂದರು ಟೀಚರ್, ಕೂಸೊಂದನ್ನು ಎತ್ತಿಕೊಳ್ಳುತ್ತಾ.

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.